ಸುಟ್ಟ ಗಾಯಕ್ಕೆ ಔಷಧಿ ಇರೋ ಡ್ರೆಸಿಂಗ್ ಬೇಕಾ, ಬರೀ ಅಂಟದೇ ಇರೋದು ಸಾಕಾ? ಗೊತ್ತಿರೋರು ಹೇಳಿ

ಹೊಂಗೆನೆರಳು
ಎಲ್ರಿಗೂ ನಮಸ್ಕಾರ. ಅಮ್ಮನ ಮುಂಗೈ ಮೇಲೆ ಕುದಿಯೋ ನೀರು ಬಿದ್ದು ಸುಟ್ಟಿದೆ, ಅವರದೇ ಅಂಗೈಯಷ್ಟು ಜಾಗ ಇರ್ಬಹುದು. ಕೂಡ್ಲೇ ನಲ್ಲಿ ಕೆಳಗೆ ಹಿಡಿಸಿದ್ವಿ, ಡಾಕ್ಟ್ರಿಗೂ ತೋರಿಸಿದ್ವಿ, ಆಳ ಇಲ್ಲ, ಡ್ರೆಸಿಂಗ್ ಮಾಡ್ತಾ ಇದ್ರೆ ತಾನೇ ವಾಸಿ ಆಗುತ್ತೆ ಅಂದ್ರು. ಅಲ್ಲಿ ಮೊದಲ ಸಲ ಹಾಕಿದ್ದು ಜಿಡ್ಡುಜಿಡ್ಡಾಗಿ ಬಲೆ ಥರ ಇರೋ ಬಟ್ಟೆ, ಅದನ್ನ ತೆಗೆಯುವಾಗ ಅಮ್ಮನಿಗೆ ಗೊತ್ತೇ ಆಗ್ಲಿಲ್ಲ. ಆಮೇಲೆ ಮನೇಲೇ ಬದಲಾಯಿಸೋಣ ಅಂತ ಸಾಮಾನು ತರೋಕೆ ಹೋದ್ರೆ ಅದು ಸ್ಟಾಕ್ ಇಲ್ಲ ಅಂತ ಬರೀ ಗಾಜ್ ಬಟ್ಟೆ, ರೋಲ್ ಬ್ಯಾಂಡೇಜು, ಒಂದು ಬಿಳಿ ಕ್ರೀಮ್ ಟ್ಯೂಬು ಕೊಟ್ರು. ಮುಂದಿನ ಸಲ ಬಿಚ್ಚುವಾಗ ಬಟ್ಟೆ ಗಾಯಕ್ಕೆ ಕಚ್ಕೊಂಡು ಕೂತಿತ್ತು. ಅಂಚಲ್ಲಿ ತೆಳ್ಳಗೆ ಗುಲಾಬಿ ಬಣ್ಣದ ಹೊಸ ಚರ್ಮ ಬರ್ತಾ ಇತ್ತಲ್ಲ, ಅದು ಎಳೆಗಳ ಜೊತೆಗೇ ಎದ್ದು ಬಂತು, ಚುಕ್ಕೆ ಚುಕ್ಕೆಯಾಗಿ ರಕ್ತ ಜಿನುಗ್ತು. ಅಮ್ಮ ಹಲ್ಲು ಕಚ್ಕೊಂಡು ಕೂತಿದ್ರು, ನೋಡೋಕಾಗ್ಲಿಲ್ಲ.

ಈಗ ಹುಡುಕಿದ್ರೆ ನೂರೆಂಟು ಹೆಸರು ಬರ್ತಿದೆ, ಪ್ಯಾರಾಫಿನ್ ಅಂತೆ, ಸಿಲಿಕೋನ್ ಅಂತೆ, ಬೆಳ್ಳಿ ಅಂತೆ, ಅಯೋಡಿನ್ ಅಂತೆ. ಔಷಧಿ ಇರೋದು ಹಾಕಿದ್ರೆ ಬೇಗ ವಾಸಿ ಆಗುತ್ತಾ? ಅಥವಾ ಅಂಟದೇ ಇದ್ರೆ ಸಾಕಾ? ಅದರ ಕೆಳಗೆ ಕ್ರೀಮೂ ಹಚ್ಬೇಕಾ? ದಿನಾ ಬಿಚ್ಬೇಕಾ? ದಯವಿಟ್ಟು ಅನುಭವ ಇರೋರು ಬರೀರಿ.

ಹಳೆಸೈಕಲ್
ಒಣಗಿ ಅಂಟಿರೋದನ್ನ ಯಾವ ಕಾರಣಕ್ಕೂ ಎಳೀಬೇಡಿ. ಸಲೈನೋ ಉಗುರುಬೆಚ್ಚಗಿನ ಶುದ್ಧ ನೀರೋ ಹಾಕಿ ಚೆನ್ನಾಗಿ ನೆನೆಯೋಕೆ ಬಿಡಿ, ಹತ್ತು ನಿಮಿಷ ಆದ್ರೂ ಆಗ್ಲಿ. ತಾನೇ ಬಿಡುತ್ತೆ.

ಬಿರುಗಾಳಿ77
ಇದರಲ್ಲಿ ಯೋಚನೆ ಮಾಡೋದೇನಿದೆ, ಔಷಧಿ ಇರೋದನ್ನೇ ಹಾಕಿ. ಸುಟ್ಟ ಗಾಯಕ್ಕೆ ಇನ್ಫೆಕ್ಷನ್ ಬೇಗ ಹತ್ತುತ್ತೆ. ಆಂಟಿಬಯೋಟಿಕ್ ಇರೋ ಬಲೆ ಸಿಗುತ್ತೆ, ಅದನ್ನ ಹಾಕಿ ಮೇಲೆ ಕ್ರೀಮೂ ಹಚ್ಚಿ ಕಟ್ಟಿದ್ರೆ ಎರಡು ಕಡೆಯಿಂದಲೂ ಸೇಫು.

ವಾರ್ಡ್ ಅಕ್ಕ
@ಹೊಂಗೆನೆರಳು, ನಾನು ಬರ್ನ್ಸ್ (ಸುಟ್ಟ ಗಾಯದ) ವಾರ್ಡಲ್ಲಿ ನರ್ಸ್ ಆಗಿದ್ದವಳು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ. ಇಲ್ಲಿ ಎರಡು ಬೇರೆ ಬೇರೆ ವಿಷಯ ಒಂದಾಗಿ ಹೋಗಿದೆ. ಗಾಯಕ್ಕೆ ನೇರವಾಗಿ ತಗಲೋ ಪದರ ಅಂಟಬಾರದು ಅನ್ನೋದು ಒಂದು. ಆ ಪದರದಲ್ಲಿ ಔಷಧಿ ಇರ್ಬೇಕಾ ಅನ್ನೋದು ಇನ್ನೊಂದು. ಮೊದಲನೆಯದು ಇಂಥ ಎಲ್ಲಾ ಗಾಯಕ್ಕೂ ಬೇಕು, ಎರಡನೆಯದು ಕೆಲವಕ್ಕೆ ಮಾತ್ರ.

ಅಮ್ಮನಿಗೆ ಮೊದಲು ಹಾಕಿದ್ದು ಪ್ಯಾರಾಫಿನ್ ಗಾಜ್ ಇರ್ಬೇಕು, ಜೆಲೊನೆಟ್ ಥರದ್ದು. ಹತ್ತಿ ಬಲೆಗೆ ಮೃದು ಪ್ಯಾರಾಫಿನ್ ತುಂಬಿರ್ತಾರೆ ಅಷ್ಟೆ, ಔಷಧಿ ಏನೂ ಇರಲ್ಲ. ಗಾಯದ ನೀರು ಆ ಕಣ್ಣುಗಳ ಮೂಲಕ ಮೇಲಿನ ಪ್ಯಾಡಿಗೆ ಹೋಗುತ್ತೆ, ಚರ್ಮ ಒದ್ದೆಯಾಗೇ ಇರುತ್ತೆ. ಆದ್ರೆ ಇದಕ್ಕೂ ಒಂದು ಮಿತಿ ಇದೆ. ಬಹಳ ದಿನ ಬಿಟ್ರೆ ಜಿಡ್ಡು ಆರಿ ಹೋಗಿ ಇದೂ ಅಂಟುತ್ತೆ, ಹೊಸ ಮಾಂಸ ಬಲೆ ಕಣ್ಣೊಳಗೆ ಬೆಳ್ಕೊಂಡು ಬಿಡುತ್ತೆ. ಅದಕ್ಕೇ ನಾವು ಎರಡು ಪದರ ಹಾಕ್ತಿದ್ವಿ, ನೀರು ಜಾಸ್ತಿ ಬರೋ ಮೊದಲ ದಿನಗಳಲ್ಲಿ ಬೇಗ ಬದಲಾಯಿಸ್ತಿದ್ವಿ, ಆಮೇಲೆ ಎರಡು ಮೂರು ದಿನಕ್ಕೊಮ್ಮೆ. ಸಿಲಿಕೋನ್ ಬಲೆ ಇನ್ನೂ ಸಲೀಸು, ಮೆಪಿಟೆಲ್ ಅಂತ ಬರುತ್ತಲ್ಲ ಅದು ಒಣ ಚರ್ಮಕ್ಕೆ ಹಗುರವಾಗಿ ಹಿಡ್ಕೊಳುತ್ತೆ, ಒದ್ದೆ ಗಾಯಕ್ಕೆ ಹಿಡಿಯಲ್ಲ. ಗಾಯ ಕ್ಲೀನಾಗಿದ್ರೆ 14 ದಿನದವರೆಗೂ ಅದನ್ನ ಎತ್ತದೇ ಬಿಡಬಹುದು, ಮೇಲಿನ ಪ್ಯಾಡ್ ಮಾತ್ರ ಬದಲಾಯಿಸ್ತಾ ಇರೋದು. ನೋವು ತಪ್ಪೋದು ಅಲ್ಲೇ.

ನೀವು ಹೇಳಿದ ಗಾಯ ಚಿಕ್ಕದು, ಮೇಲ್ಪದರದ್ದು, ಕೂಡ್ಲೇ ನೀರು ಹಾಕಿದ್ದೀರ. ಕೀವು, ವಾಸನೆ, ಜ್ವರ ಏನೂ ಇಲ್ಲ ಅಂದ್ರೆ ಔಷಧಿ ಇಲ್ಲದ ಬಲೆನೇ ಸಾಕು. ಅದರ ಮೇಲೆ ದಪ್ಪ ಗಾಜ್ ಪ್ಯಾಡು, ಮೇಲೆ ಬ್ಯಾಂಡೇಜು. ಹತ್ತಿ ಉಂಡೆ ಮಾತ್ರ ನೇರವಾಗಿ ಇಡಬೇಡಿ, ಅದರ ನಾರು ಗಾಯದಲ್ಲಿ ಉಳ್ಕೊಳುತ್ತೆ, ಆರಿಸಿ ತೆಗೆಯೋಕೆ ಪ್ರಾಣ ಹೋಗುತ್ತೆ.

ಬಿರುಗಾಳಿ77
ಅಕ್ಕ, ನಿಮ್ಮ ಅನುಭವಕ್ಕೆ ಗೌರವ ಇದೆ, ಆದ್ರೆ ಅಷ್ಟೊಂದು ಡಾಕ್ಟ್ರು ಔಷಧಿ ಬಲೆ ಬರ್ಕೊಡ್ತಾರಲ್ಲ, ಅವರೆಲ್ಲಾ ಸುಮ್ನೆ ಬರ್ಕೊಡ್ತಾರಾ? ಇನ್ಫೆಕ್ಷನ್ ಆದ್ಮೇಲೆ ಒದ್ದಾಡೋದಕ್ಕಿಂತ ಮೊದಲೇ ಹಾಕೋದ್ರಲ್ಲಿ ನಷ್ಟ ಏನು ಅಂತ ನನ್ನ ಪ್ರಶ್ನೆ.

ಸೂಜಿದಾರ
ನಷ್ಟ ಇದೆ ಸರ್, ಅದನ್ನೇ ಹೇಳೋಣ ಅಂತ ಬಂದೆ. ನಾನು ಸರ್ಜರಿಯಲ್ಲಿ ಕೆಲಸ ಮಾಡ್ತೀನಿ.

ಔಷಧಿ ಬಲೆ ಅಂದ್ರೆ ಒಂದೇ ಪದಾರ್ಥ ಅಲ್ಲ. ಸೋಫ್ರಾ ಟ್ಯೂಲಲ್ಲಿ ಇರೋದು 1% ಫ್ರಾಮೈಸೆಟಿನ್, ಅದು ಆಂಟಿಬಯೋಟಿಕ್. ಬ್ಯಾಕ್ಟಿಗ್ರಾಸಲ್ಲಿ 0.5% ಕ್ಲೋರ್‌ಹೆಕ್ಸಿಡಿನ್, ಅದು ಆಂಟಿಸೆಪ್ಟಿಕ್. ಇನಾಡೈನಲ್ಲಿ 10% ಪೊವಿಡೋನ್ ಅಯೋಡಿನ್. ಮೂರೂ ಬಲೆನೇ, ಮೂರರ ಕೆಲಸನೂ ಎಚ್ಚರಿಕೆನೂ ಬೇರೆ. ಫ್ರಾಮೈಸೆಟಿನ್ ತಗೊಳ್ಳಿ, ಅದು ನಿಯೋಮೈಸಿನ್ ಗುಂಪಿಗೆ ಸೇರಿದ್ದು, ಒಂದಕ್ಕೆ ಅಲರ್ಜಿ ಇದ್ರೆ ಇನ್ನೊಂದಕ್ಕೂ ಇರೋ ಸಾಧ್ಯತೆ ಜಾಸ್ತಿ. ಪದೇ ಪದೇ ಹಾಕಿದ್ರೆ ಚರ್ಮಕ್ಕೇ ಒಗ್ಗದೇ ಹೋಗಿ ಗಾಯದ ಸುತ್ತ ಕೆಂಪಾಗಿ ತುರಿಸೋಕೆ ಶುರು ಆಗುತ್ತೆ, ಜನ ಅದನ್ನ ಇನ್ಫೆಕ್ಷನ್ ಅಂದ್ಕೊಂಡು ಇನ್ನಷ್ಟು ಅದನ್ನೇ ಹಾಕ್ತಾರೆ. ದೊಡ್ಡ ಜಾಗದ ಹಸಿ ಗಾಯಕ್ಕೆ ಹೊದಿಸಿದ್ರೆ ರಕ್ತಕ್ಕೆ ಸೇರಿ ಕಿವಿಗೂ ಕಿಡ್ನಿಗೂ ಪೆಟ್ಟು ಕೊಡಬಹುದು. ಜೊತೆಗೆ ಬೇಡದ ಕಡೆ ಆಂಟಿಬಯೋಟಿಕ್ ಬಳಸ್ತಾ ಹೋದ್ರೆ ಅದಕ್ಕೆ ಬಗ್ಗದ ಕ್ರಿಮಿಗಳು ಬೆಳೀತವೆ. ಆಂಟಿಸೆಪ್ಟಿಕ್‌ಗಳಾದ್ರೂ ಅಷ್ಟೇ, ಕ್ರಿಮಿಯನ್ನ ಕೊಲ್ಲೋ ವಸ್ತು ಹೊಸ ಚರ್ಮದ ಕೋಶಕ್ಕೂ ಸ್ವಲ್ಪ ತೊಂದರೆ ಕೊಡುತ್ತೆ. ಗಾಯ ಕೊಳಕಾಗಿದ್ದಾಗ, ಇನ್ಫೆಕ್ಷನ್ ಲಕ್ಷಣ ಕಂಡಾಗ, ಶುಗರ್ ಇರೋರ ಕಾಲಿನ ಗಾಯದಂಥ ಕಡೆ ಅದನ್ನ ಸಹಿಸ್ಕೊಂಡು ಹಾಕ್ತೀವಿ, ಅದೂ ಸ್ವಲ್ಪ ಕಾಲ, ಮತ್ತೆ ನೋಡಿ ನಿಲ್ಲಿಸ್ತೀವಿ.

ಇನ್ನು ಆ ಬಿಳಿ ಕ್ರೀಮು. ಸಿಲ್ವರ್ ಸಲ್ಫಾಡಯಾಜಿನ್ 1% ಇರ್ಬೇಕು ಅನ್ಸುತ್ತೆ, ಟ್ಯೂಬ್ ಮೇಲೆ ನೋಡಿ ಹೇಳಿ. 1968ರಲ್ಲಿ ಚಾರ್ಲ್ಸ್ ಫಾಕ್ಸ್ ಅದನ್ನ ತಂದಾಗ ದೊಡ್ಡ ಸುಟ್ಟ ಗಾಯದವರಿಗೆ ಅದು ವರದಾನವೇ ಆಗಿತ್ತು, ಅದನ್ನ ಅಲ್ಲಗಳೆಯಲ್ಲ. ಆದ್ರೆ ಚಿಕ್ಕ ಮೇಲ್ಪದರದ ಗಾಯಕ್ಕೆ ಅದು ಬೇಕಾಗಿಲ್ಲ. ಗಾಯದ ಮೇಲೆ ಬೂದುಬಿಳಿ ಪೊರೆ ಕಟ್ಟುತ್ತೆ, ಆಳ ಎಷ್ಟು ಅಂತ ನಮಗೇ ಗೊತ್ತಾಗಲ್ಲ. ದಿನಾ ತೊಳೆದು ಹಚ್ಬೇಕು, ತೊಳೆದಾಗಲೆಲ್ಲ ನೋವು. 2013ರ ಕಾಕ್ರೇನ್ ವಿಮರ್ಶೆಯಲ್ಲಿ (ಹಲವು ಅಧ್ಯಯನಗಳನ್ನ ಒಟ್ಟಿಗೆ ತೂಗಿ ನೋಡೋ ವರದಿ) ಸಿಲಿಕೋನ್, ಬೆಳ್ಳಿ ಡ್ರೆಸಿಂಗ್‌ಗಳ ಜೊತೆ ಹೋಲಿಸಿದಾಗ ಈ ಕ್ರೀಮ್ ಹಚ್ಚಿದ ಗಾಯ ವಾಸಿ ಆಗೋದ್ರಲ್ಲಿ ಹಿಂದೆನೇ ಬಿದ್ದಿತ್ತು. ಸಲ್ಫಾ ಅಲರ್ಜಿ ಇರೋರು, ತುಂಬು ಗರ್ಭಿಣಿಯರು, ಎರಡು ತಿಂಗಳೊಳಗಿನ ಮಕ್ಕಳು, ಇವರಿಗಂತೂ ಹಚ್ಚಲೇಬಾರದು.

ಬಿರುಗಾಳಿ77
ಸರಿ ಸರ್, ಕಿವಿ ಕಿಡ್ನಿ ವಿಷಯ ಗೊತ್ತಿರ್ಲಿಲ್ಲ. ಆದ್ರೂ ಇನ್ಫೆಕ್ಷನ್ ಭಯ ನನಗೆ ಹೋಗಲ್ಲ, ನಮ್ಮ ಚಿಕ್ಕಪ್ಪ ಅದರಿಂದ ಬಹಳ ಅನುಭವಿಸಿದ್ರು.

ವಾರ್ಡ್ ಅಕ್ಕ
ಭಯ ಇರ್ಲಿ, ಅದು ಒಳ್ಳೇದೇ. ಆದ್ರೆ ಆ ಭಯಕ್ಕೆ ಮದ್ದು ಕೈ ತೊಳೆಯೋದು, ಸೀಲ್ ಒಡೆಯದ ಪ್ಯಾಕೆಟ್ ಬಳಸೋದು, ಬಿಚ್ಚಿದಾಗೆಲ್ಲ ಗಾಯನ ಬೆಳಕಲ್ಲಿ ಸರಿಯಾಗಿ ನೋಡೋದು. ಟಿಟಿ ಇಂಜೆಕ್ಷನ್ ಹಾಕಿಸಿ ಎಷ್ಟು ವರ್ಷ ಆಯ್ತು ಅಂತಲೂ ಅಮ್ಮನ್ನ ಕೇಳಿ, ಅದನ್ನ ಎಲ್ರೂ ಮರೀತಾರೆ.

ತುಂತುರು
ನಾನು ಕೇಳಿರೋದೇ ಬೇರೆ. ಗಾಳಿಗೆ ಬಿಟ್ರೆ ಬೇಗ ಒಣಗಿ ಹಕ್ಕಳೆ ಕಟ್ಟಿ ವಾಸಿ ಆಗುತ್ತೆ ಅಂತಾರಲ್ಲ? ಒದ್ದೆ ಇಟ್ರೆ ಕೊಳೆಯಲ್ವಾ?

ಸೂಜಿದಾರ
ಬಹಳ ಜನ ಹಾಗೇ ನಂಬಿದ್ದಾರೆ, ಒಂದು ಕಾಲಕ್ಕೆ ವೈದ್ಯರೂ ನಂಬಿದ್ರು. 1962ರಲ್ಲಿ ಜಾರ್ಜ್ ವಿಂಟರ್ ಅನ್ನೋರು ಹಂದಿಗಳ ಮೈಮೇಲೆ ಒಂದೇ ಥರದ ಸಣ್ಣ ಗಾಯ ಮಾಡಿ ಕೆಲವನ್ನ ಗಾಳಿಗೆ ಬಿಟ್ರು, ಕೆಲವಕ್ಕೆ ಪ್ಲಾಸ್ಟಿಕ್ ಫಿಲ್ಮ್ ಹೊದಿಸಿ ಒದ್ದೆಯಾಗಿಟ್ರು. ಒದ್ದೆಯಾಗಿದ್ದ ಗಾಯದ ಮೇಲೆ ಚರ್ಮ ಸುಮಾರು ಎರಡು ಪಟ್ಟು ವೇಗವಾಗಿ ಮುಚ್ಚಿತು. ಕಾರಣ ಏನಪ್ಪಾ ಅಂದ್ರೆ ಹೊಸ ಕೋಶಗಳು ಅಂಚಿಂದ ಒದ್ದೆ ಜಾಗದ ಮೇಲೆ ಜಾರ್ಕೊಂಡು ಬರ್ತವೆ. ಹಕ್ಕಳೆ ಕಟ್ಟಿದ್ರೆ ಅದರ ಅಡಿಗೆ, ತೇವ ಇರೋ ಆಳಕ್ಕೆ ಇಳಿದು ದಾರಿ ಮಾಡ್ಕೊಂಡು ಹೋಗ್ಬೇಕು. ಹಾಗಂತ ನೀರು ನಿಂತು ಸುತ್ತಲಿನ ಚರ್ಮ ಬೆಳ್ಳಗೆ ಸುಕ್ಕುಗಟ್ಟೋಷ್ಟು ಒದ್ದೆನೂ ಬೇಡ. ಜಾಸ್ತಿ ಸೋರ್ತಿದ್ರೆ ನೀರು ಹೀರ್ಕೊಳ್ಳೋ ಪ್ಯಾಡು, ಫೋಮು, ಆಲ್ಜಿನೇಟು (ಕಡಲ ಪಾಚಿಯಿಂದ ಮಾಡೋ ಡ್ರೆಸಿಂಗ್). ಒಣಗ್ತಿದ್ರೆ ತೇವ ಕೊಡೋ ಹೈಡ್ರೋಜೆಲ್ಲು. ಡ್ರೆಸಿಂಗ್ ಆರಿಸೋದ್ರಲ್ಲಿ ಅರ್ಧ ಲೆಕ್ಕಾಚಾರ ಈ ನೀರಿನದ್ದೇ.

ತುಂತುರು
ಓಹ್, ಹಂಗಾ. ಇಷ್ಟು ದಿನ ಮಗಳ ಮಂಡಿ ಗಾಯಕ್ಕೆ ಫ್ಯಾನ್ ಗಾಳಿ ಬಿಡಿ ಅಂತ ಮನೇಲಿ ಎಲ್ರೂ ಹೇಳ್ತಿದ್ರು, ಇವತ್ತೇ ಇದನ್ನ ಓದಿ ಹೇಳ್ತೀನಿ.

ಕಾಗದದ ದೋಣಿ
ವಿಷಯಾಂತರಕ್ಕೆ ಕ್ಷಮಿಸಿ, ಆದ್ರೆ ಹೇಳದೇ ಇರೋಕಾಗ್ತಿಲ್ಲ. ಈ ಜಿಡ್ಡಿನ ಬಲೆ ಮಾಡಿದ್ದು ಯಾರು ಗೊತ್ತಾ? ಆಗಸ್ಟ್ ಲೂಮಿಯೇರ್! 1895ರಲ್ಲಿ ಪ್ಯಾರಿಸ್ಸಲ್ಲಿ ಟಿಕೆಟ್ ಇಟ್ಟು ಸಿನಿಮಾ ತೋರಿಸಿದ್ರಲ್ಲ ಲೂಮಿಯೇರ್ ಸಹೋದರರು, ಅವರಲ್ಲಿ ಅಣ್ಣ. ಆಮೇಲೆ ಅವರು ಲಿಯಾನ್ ಊರಲ್ಲಿ ವೈದ್ಯಕೀಯ ಸಂಶೋಧನೆಗೆ ಇಳಿದ್ರು, ಮೊದಲ ಮಹಾಯುದ್ಧದ ಹೊತ್ತಲ್ಲಿ ಗಾಯಾಳುಗಳ ಗಾಯಕ್ಕೆ ಅಂಟದ ಬಟ್ಟೆ ಬೇಕು ಅಂತ ಟ್ಯೂಲ್ ಗ್ರಾ ತಯಾರು ಮಾಡಿದ್ರು. ಸಿನಿಮಾದಷ್ಟೇ ದೊಡ್ಡ ಉಪಕಾರ ಅಂತ ನನಗನ್ಸುತ್ತೆ.

ನೀಲಿ ಛತ್ರಿ
ಸಿನಿಮಾ ಇತಿಹಾಸ ಅಷ್ಟು ಓದಿದ್ದೀನಿ, ಇದು ಗೊತ್ತೇ ಇರ್ಲಿಲ್ಲ! ಥ್ಯಾಂಕ್ಸ್ ದೋಣಿ.

ಇರ್ಲಿ, ನನ್ನದೂ ಒಂದು ಎಚ್ಚರಿಕೆ. ಪ್ಯಾರಾಫಿನ್ ಬಲೆ, ಪ್ಯಾರಾಫಿನ್ ಆಯಿಂಟ್‌ಮೆಂಟ್ ಬಳಸೋರ ಬಟ್ಟೆ, ಬ್ಯಾಂಡೇಜು, ಹಾಸಿಗೆ ಎಲ್ಲಾ ಆ ಜಿಡ್ಡನ್ನ ಹೀರ್ಕೊಂಡಿರುತ್ತೆ. ಬೆಂಕಿ ತಗುಲಿದ್ರೆ ಬೇಗ ಹತ್ತಿ ಉರಿಯುತ್ತೆ. ಸಿಗರೇಟ್ ಸೇದೋರು, ಒಲೆ ಮುಂದೆ ನಿಲ್ಲೋರು ಜೋಪಾನ. ದೊಡ್ಡ ಜಾಗಕ್ಕೆ ಹಾಕಿದ್ದಾಗಂತೂ ಬೆಂಕಿ ಹತ್ರ ಹೋಗ್ಲೇಬಾರದು.

ಹೊಂಗೆನೆರಳು
ಎಲ್ರಿಗೂ ತುಂಬಾ ಥ್ಯಾಂಕ್ಸ್. ಟ್ಯೂಬ್ ನೋಡ್ದೆ, ಸೂಜಿದಾರ ಸರ್ ಹೇಳಿದ್ದೇ ಸರಿ, ಸಿಲ್ವರ್ ಸಲ್ಫಾಡಯಾಜಿನ್. ಡಾಕ್ಟ್ರಿಗೆ ಫೋನ್ ಮಾಡಿ ಕೇಳಿದ್ದಕ್ಕೆ ನಿಲ್ಲಿಸಿ, ಪ್ಯಾರಾಫಿನ್ ಬಲೆನೇ ಹುಡುಕಿ ತನ್ನಿ ಅಂದ್ರು. ಇವತ್ತು ಬೇರೆ ಕಡೆ ಸಿಕ್ತು. ಒಂದು ಡೌಟು, ಚಪ್ಪಟೆ ಪ್ಯಾಡಿನ ಥರ ಒಂದು ಕಡೆ ಹೊಳೆಯೋ ಪ್ಲಾಸ್ಟಿಕ್ ಇರೋದನ್ನೂ ಕೊಟ್ಟಿದ್ದಾರೆ, ಅದರಲ್ಲಿ ಯಾವ ಕಡೆ ಗಾಯಕ್ಕೆ?

ಕೌಂಟರ್ ಹಿಂದೆ
ಹೊಳೆಯೋ ಕಡೆ ಗಾಯಕ್ಕೆ. ಮೆಲೋಲಿನ್ ಅಂತೀವಿ ಅದಕ್ಕೆ, ಆ ಫಿಲ್ಮಲ್ಲಿ ಸಣ್ಣ ಸಣ್ಣ ತೂತು ಇರ್ತವೆ, ಗಾಯದ ನೀರು ಒಳಗೆ ಹೋಗುತ್ತೆ ಪ್ಯಾಡ್ ಅಂಟಲ್ಲ. ಜನ ಪ್ಲಾಸ್ಟಿಕ್ ಹೊರಗಡೆಗೆ ಅಂದ್ಕೊಂಡು ತಿರುಗಿಸಿ ಹಾಕ್ತಾರೆ, ಆಮೇಲೆ ಅಂಟ್ತು ಅಂತ ವಾಪಸ್ ಬರ್ತಾರೆ. ಸ್ವಲ್ಪ ಸೋರೋ ಗಾಯಕ್ಕೆ ಅದು ಚೆನ್ನ, ಜಾಸ್ತಿ ಸೋರೋದಕ್ಕೆ ಅದೊಂದೇ ಸಾಲಲ್ಲ.

ನಾನು ಫಾರ್ಮಸಿಸ್ಟು, ಬಲೆಗಳ ವಿಷಯದಲ್ಲಿ ಕೌಂಟರಲ್ಲಿ ದಿನಾ ಹೇಳೋದನ್ನ ಇಲ್ಲೂ ಹೇಳ್ಬಿಡ್ತೀನಿ. ಪ್ಯಾರಾಫಿನ್ ಬಲೆಗೆ ಎರಡೂ ಕಡೆ ಕಾಗದ ಇರುತ್ತೆ. ಒಂದು ಕಡೆದು ತೆಗೆದು ಗಾಯದ ಮೇಲೆ ಇಟ್ಟು ಆಮೇಲೆ ಇನ್ನೊಂದು ಕಡೆದು ತೆಗೀರಿ, ಇಲ್ಲಾಂದ್ರೆ ಅದು ಮುದುರಿ ಕೈಗೆಲ್ಲಾ ಮೆತ್ಕೊಳುತ್ತೆ. ಬೇಕಾದಷ್ಟು ಕತ್ತರಿಸ್ಕೋಬಹುದು, ಕತ್ತರಿ ಶುದ್ಧ ಇರ್ಲಿ. ಉಳಿದ ಅರ್ಧನ ನಾಳೆಗೆ ಅಂತ ಎತ್ತಿಡಬೇಡಿ, ಪ್ಯಾಕೆಟ್ ಒಡೆದ್ಮೇಲೆ ಅದು ಸ್ಟೆರೈಲ್ ಅಲ್ಲ.

ಅಯೋಡಿನ್ ಬಲೆ ಕೇಳೋರಿಗೆ ನಾನು ಮೊದಲು ಕೇಳೋದು ಥೈರಾಯ್ಡ್ ಇದೆಯಾ, ಗರ್ಭಿಣಿನಾ, ಹಾಲೂಡಿಸ್ತಿದ್ದೀರಾ, ಲಿಥಿಯಂ ಮಾತ್ರೆ ತಗೋತೀರಾ ಅಂತ. ಇದರಲ್ಲಿ ಒಂದಕ್ಕೆ ಹೂಂ ಅಂದ್ರೂ ಡಾಕ್ಟ್ರನ್ನ ಕೇಳ್ದೆ ಕೊಡಲ್ಲ. ಇಷ್ಟ್ಯಾಕೆ ವಿಚಾರಣೆ ಅಂತ ಕೆಲವರು ಸಿಟ್ಟಾಗ್ತಾರೆ, ಆದ್ರೆ ಅಯೋಡಿನ್ ಹಸಿ ಗಾಯದಿಂದ ಮೈಗೆ ಸೇರುತ್ತೆ, ಕೇಳಲೇಬೇಕು. ಅದರ ಒಂದು ಅನುಕೂಲ ಏನಂದ್ರೆ ಕಿತ್ತಳೆ ಬಣ್ಣ ಹೋಗಿ ಬಿಳಿ ಆದ್ರೆ ಔಷಧಿ ಮುಗೀತು, ಬದಲಾಯಿಸಿ ಅಂತ ತಾನೇ ತೋರಿಸ್ಕೊಡುತ್ತೆ.

ರಾತ್ರಿಪಾಳಿ
ಬೆಳ್ಳಿ ಡ್ರೆಸಿಂಗ್ ಬಗ್ಗೆ ಯಾರೂ ಜಾಸ್ತಿ ಹೇಳ್ಲಿಲ್ಲ. ಅಣ್ಣನ ಕಾಲಿಗೆ ಆಳವಾದ ಸುಟ್ಟ ಗಾಯ ಆದಾಗ ಬೂದಿ ಬಣ್ಣದ ಹಾಳೆ ಥರದ್ದು ಹಾಕಿದ್ರು, ಕೆಲವು ದಿನ ಬಿಚ್ಚಲೇ ಇಲ್ಲ. ಬಿಚ್ಚಿದಾಗ ಸುತ್ತಲ ಚರ್ಮ ಎಲ್ಲಾ ಕಪ್ಪು ಕಪ್ಪು, ಕೊಳೆತೇ ಹೋಯ್ತು ಅಂತ ನಮ್ಮತ್ತಿಗೆ ಅಳೋಕೆ ಶುರು ಮಾಡಿದ್ರು. ನರ್ಸ್ ಒರೆಸಿ ತೋರಿಸಿದ್ಮೇಲೆ ಕೆಳಗೆ ಚರ್ಮ ಚೆನ್ನಾಗಿತ್ತು, ಬೆಳ್ಳಿ ಬಣ್ಣ ಹತ್ತಿದ್ದು ಅಷ್ಟೆ.

ವಾರ್ಡ್ ಅಕ್ಕ
ಹೌದು, ಆ ಕಲೆ ನೋಡಿ ಗಾಬರಿ ಆಗದವರೇ ಇಲ್ಲ, ಮೊದಲೇ ಹೇಳಿಡೋದು ಒಳ್ಳೇದು. ನೀವು ಹೇಳಿದ್ದು ಆಕ್ಟಿಕೋಟ್ ಥರದ ನ್ಯಾನೋ ಬೆಳ್ಳಿ ಇರ್ಬೇಕು, ಅದರಲ್ಲಿ ಮೂರು ದಿನದ್ದು ಏಳು ದಿನದ್ದು ಅಂತ ಇದೆ. ಅದನ್ನ ಸ್ಟೆರೈಲ್ ನೀರಲ್ಲಿ ನೆನೆಸ್ಬೇಕು, ಸಲೈನಲ್ಲಿ ಅಲ್ಲ. ಸಲೈನ್ ಉಪ್ಪಿನ ನೀರಲ್ವಾ, ಅದರ ಕ್ಲೋರೈಡು ಬೆಳ್ಳಿ ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಗಿ ಕೂತ್ಬಿಡುತ್ತೆ, ಬೆಳ್ಳಿ ಕೆಲಸ ಮಾಡಲ್ಲ. ಹೊಸದಾಗಿ ಸೇರಿದವರಿಗೆ ಇದನ್ನೇ ಮೊದಲು ಕಲಿಸೋದು. ಅದರ ಕೆಳಗೆ ಜಿಡ್ಡಿನ ಮಲಾಮೂ ಹಚ್ಬಾರದು. ಎಂಆರ್‌ಐ ಸ್ಕ್ಯಾನ್ ಇದ್ರೆ ಮೊದಲೇ ತೆಗೆಸ್ಬೇಕು. ಇವೆಲ್ಲಾ ಮನೇಲಿ ತಂದು ಹಾಕ್ಕೊಳ್ಳೋ ವಸ್ತು ಅಲ್ಲ.

ಎರಡುಮಕ್ಕಳಮ್ಮ
ಮಕ್ಕಳಿರೋರು ದಯವಿಟ್ಟು ಇದನ್ನ ಓದಿ. ನನ್ನ ಚಿಕ್ಕ ಮಗನಿಗೆ ಎದೆ ಮೇಲೆ ಬಿಸಿನೀರು ಚೆಲ್ಲಿ ಸಣ್ಣ ಗಾಯ, ನೋಡಿದ್ರೆ ಏನೂ ಅಲ್ಲ ಅನ್ನೋಷ್ಟು. ಡ್ರೆಸಿಂಗ್ ಮಾಡಿ ಕಳಿಸಿದ್ರು. ಆಮೇಲೆ ಒಂದಿನ ಇದ್ದಕ್ಕಿದ್ದ ಹಾಗೆ ಜ್ವರ, ವಾಂತಿ, ಮೈಯೆಲ್ಲಾ ಕೆಂಪು ದದ್ದು, ಕರೆದ್ರೆ ಕಣ್ಣು ಬಿಡೋಕೂ ಆಗ್ತಿರ್ಲಿಲ್ಲ. ಗಾಯ ಬಿಚ್ಚಿ ನೋಡಿದ್ರೆ ಅಂಥ ಕೀವೇನೂ ಇರ್ಲಿಲ್ಲ, ವೈರಲ್ ಜ್ವರ ಅಂತಲೇ ನಾವು ಅಂದ್ಕೊಂಡಿದ್ವಿ. ಆದ್ರೂ ಮನಸ್ಸು ಕೇಳ್ದೆ ಓಡಿದ್ವಿ. ಅಲ್ಲಿ ನೋಡಿದ ಡಾಕ್ಟ್ರು ಒಂದು ನಿಮಿಷ ತಡ ಮಾಡ್ಲಿಲ್ಲ, ಅಡ್ಮಿಟ್ ಮಾಡಿ ಡ್ರಿಪ್ ಹಾಕಿದ್ರು. ಈಗ ಚೆನ್ನಾಗಿದ್ದಾನೆ.

ಸೂಜಿದಾರ
ಮೇಡಂ, ನೀವು ಇದನ್ನ ಬರೆದದ್ದು ಎಷ್ಟು ಒಳ್ಳೇದಾಯ್ತು. ಇದು ಟಾಕ್ಸಿಕ್ ಶಾಕ್ ಸಿಂಡ್ರೋಮ್. ಗಾಯದಲ್ಲಿ ಕೂತ ಸ್ಟೆಫೈಲೊಕಾಕಸ್ ಅನ್ನೋ ಬ್ಯಾಕ್ಟೀರಿಯಾ ಬಿಡೋ ವಿಷದಿಂದ ಆಗೋದು, ಅಪರೂಪ, ಆದ್ರೆ ಪ್ರಾಣಕ್ಕೇ ಅಪಾಯ. ಚಿಕ್ಕ ಮಕ್ಕಳಿಗೆ ಸಣ್ಣ ಗಾಯದಲ್ಲೂ ಬರುತ್ತೆ, ಗಾಯ ನೋಡೋಕೆ ಕ್ಲೀನಾಗೇ ಇರುತ್ತೆ, ಅದೇ ಮೋಸ ಮಾಡೋದು. ಸುಟ್ಟ ಮೊದಲ ಕೆಲವು ದಿನಗಳಲ್ಲಿ ಮಗುವಿಗೆ ಜ್ವರ, ದದ್ದು, ವಾಂತಿ ಭೇದಿ, ಮಂಕು, ಇದರಲ್ಲಿ ಯಾವುದು ಕಂಡರೂ ನಾಳೆ ನೋಡೋಣ ಅನ್ಬೇಡಿ. ಸುಟ್ಟ ಗಾಯ ಇದೆ ಅಂತ ಮೊದಲ ಮಾತಲ್ಲೇ ಹೇಳಿ.

ಹಾಗೇ ಮನೇಲಿ ಇಟ್ಕೋಬಾರದ ಗಾಯ ಯಾವುದು ಅಂತಲೂ ಹೇಳಿಬಿಡ್ತೀನಿ. ಮುಖ, ಹಸ್ತ (ಮಣಿಕಟ್ಟಿಂದ ಬೆರಳವರೆಗೆ), ಪಾದ, ಗುಪ್ತಾಂಗ, ಕೀಲುಗಳ ಮೇಲಿನದು. ಕೈಕಾಲಿನ ಸುತ್ತ ಬಳೆ ಥರ ಸುತ್ತಿದ್ದು. ಕರೆಂಟು, ಆ್ಯಸಿಡ್ಡಿಂದ ಆದದ್ದು. ಬೆಳ್ಳಗೋ ಕಂದು ಬಣ್ಣಕ್ಕೋ ತಿರುಗಿ ಚರ್ಮ ಗಡುಸಾಗಿ ನೋವೇ ಇಲ್ಲದ್ದು, ನೋವಿಲ್ಲ ಅಂತ ಸಮಾಧಾನ ಪಡಬೇಡಿ, ನರವೇ ಸುಟ್ಟಿರುತ್ತೆ. ಅಳತೆಗೆ ರೋಗಿಯ ಸ್ವಂತ ಅಂಗೈ, ಬೆರಳು ಸೇರಿಸಿ, ಮೈಯ ಸುಮಾರು 1%. ಹೊಂಗೆನೆರಳು ಅವರ ಅಮ್ಮನದು ಹಾಗಾಗಿ 1% ಒಳಗೇ. ಮಣಿಕಟ್ಟಿನ ಗೆರೆ ದಾಟಿದ್ರೆ ಮಾತ್ರ ಇನ್ನೊಮ್ಮೆ ತೋರಿಸಿ.

ಹಳೆಸೈಕಲ್
ಮೊದಲ ಚಿಕಿತ್ಸೆನೂ ಸೇರಿಸಿ ಸರ್. ಇವತ್ತಿಗೂ ಟೂತ್‌ಪೇಸ್ಟ್ ಬಳಿದು ಬರೋರಿದ್ದಾರೆ.

ವಾರ್ಡ್ ಅಕ್ಕ
ಹರಿಯೋ ತಣ್ಣೀರು, 20 ನಿಮಿಷ. ಐದು ನಿಮಿಷ ಅಲ್ಲ, ಪೂರ್ತಿ 20. ಸುಟ್ಟು 3 ಗಂಟೆ ಒಳಗೆ ಯಾವಾಗ ಹಾಕಿದ್ರೂ ಉಪಯೋಗ ಇದೆ. ಐಸ್ ಬೇಡ, ಅದು ರಕ್ತನಾಳ ಸಂಕುಚಿಸಿ ಗಾಯನ ಇನ್ನೂ ಆಳ ಮಾಡುತ್ತೆ. ಉಂಗುರ, ಬಳೆ, ವಾಚು ಊದೋಕೆ ಮುಂಚೆ ತೆಗೀರಿ. ಮಕ್ಕಳಾದ್ರೆ ಗಾಯಕ್ಕೆ ಮಾತ್ರ ನೀರು ಹಾಕಿ ಉಳಿದ ಮೈ ಬೆಚ್ಚಗಿಡಿ. ಆಸ್ಪತ್ರೆಗೆ ಹೋಗೋವರೆಗೆ ಕ್ಲಿಂಗ್ ಫಿಲ್ಮ್ (ಅಡುಗೆ ಮುಚ್ಚಿಡೋ ತೆಳು ಪ್ಲಾಸ್ಟಿಕ್) ಹಾಳೆನ ಗಾಯದ ಮೇಲೆ ಹಾಸಿದ್ರೆ ಸಾಕು, ಸುತ್ತಬೇಡಿ, ಊತ ಬಂದ್ರೆ ಬಿಗಿಯುತ್ತೆ. ಏನೂ ಹಚ್ಕೊಂಡು ಬರ್ಬೇಡಿ. ಹಚ್ಚಿದ್ದನ್ನ ಉಜ್ಜಿ ತೆಗೆಯೋವಾಗ ಆ ಮಗು ಕಿರುಚೋದು ಕೇಳಿದ್ರೆ ನೀವು ಇನ್ನೊಬ್ಬರಿಗೆ ಟೂತ್‌ಪೇಸ್ಟ್ ಮುಟ್ಟೋಕೆ ಬಿಡಲ್ಲ.

ಬಿರುಗಾಳಿ77
ಗುಳ್ಳೆ ಒಡೀಬೇಕಾ ಬೇಡ್ವಾ? ಇದರ ಮೇಲೆ ನಮ್ಮನೇಲಿ ಜಗಳವೇ ಆಗಿದೆ.

ನೀಲಿ ಛತ್ರಿ
ಬೇಡ. ಒಳಗಿನ ನೀರೇ ರಕ್ಷಣೆ.

ಸೂಜಿದಾರ
ಸಣ್ಣದಾದ್ರೆ ಬೇಡ, ಛತ್ರಿ ಹೇಳಿದ್ದು ಸರಿ. ದೊಡ್ಡದು, ತೆಳುವಾಗಿ ಇನ್ನೇನು ಒಡೆಯುತ್ತೆ ಅನ್ನೋದು, ಕೀಲಿನ ಮೇಲೆ ಕೂತು ಕೈ ಮಡಚೋಕೆ ಬಿಡದೇ ಇರೋದನ್ನ ನಾವು ಶುದ್ಧವಾಗಿ ಬಿಡಿಸಿ ಸತ್ತ ಚರ್ಮ ತೆಗೀತೀವಿ, ಆಗ ಕೆಳಗಿನ ಆಳನೂ ಕಾಣುತ್ತೆ. ವೈದ್ಯರಲ್ಲೂ ಇದರ ಬಗ್ಗೆ ಎರಡು ಅಭಿಪ್ರಾಯ ಇದೆ. ಮನೇಲಿ ಸೂಜಿ ಚುಚ್ಚೋದಂತೂ ಬೇಡ.

ತುಂತುರು
ಜೇನುತುಪ್ಪ ಒಳ್ಳೇದು ಅಂತ ಎಲ್ಲೋ ಓದಿದ್ದೆ, ಅದು ನಿಜಾನಾ?

ಕೌಂಟರ್ ಹಿಂದೆ
ಅರ್ಧ ನಿಜ. 2015ರ ಕಾಕ್ರೇನ್ ವಿಮರ್ಶೆ ಪ್ರಕಾರ ಮೇಲ್ಪದರದ ಸುಟ್ಟ ಗಾಯ ಸಾಮಾನ್ಯ ಡ್ರೆಸಿಂಗ್‌ಗಿಂತ ಜೇನಿನ ಡ್ರೆಸಿಂಗಲ್ಲಿ ನಾಲ್ಕೈದು ದಿನ ಬೇಗ ವಾಸಿ ಆಗಿದೆ. ಆದ್ರೆ ಗಾಯಕ್ಕೆ ಅಂತಲೇ ಸಿಗೋ ಜೇನನ್ನ ಗಾಮಾ ಕಿರಣದಿಂದ ಶುದ್ಧ ಮಾಡಿರ್ತಾರೆ. ಬಾಟಲಿ ಜೇನಲ್ಲಿ ಬ್ಯಾಕ್ಟೀರಿಯಾ ಬೀಜಕಣ ಇರಬಹುದು. ಅದನ್ನ ಸುರಿಬೇಡಿ.

ಕಾಗದದ ದೋಣಿ
ಬ್ರೆಜಿಲ್ಲಲ್ಲಿ ತಿಲಾಪಿಯಾ ಮೀನಿನ ಚರ್ಮನ ಶುದ್ಧ ಮಾಡಿ ಸುಟ್ಟ ಗಾಯಕ್ಕೆ ಹೊದಿಸ್ತಾರಲ್ಲ, ಅದೂ ಅಂಟದ ಡ್ರೆಸಿಂಗ್ ಲೆಕ್ಕಕ್ಕೇ ಬರುತ್ತಾ?

ಸೂಜಿದಾರ
ಇಲ್ಲ, ಅದು ಉಲ್ಟಾ. ಅದು ಗಾಯಕ್ಕೆ ಚೆನ್ನಾಗಿ ಹಿಡ್ಕೊಂಡೇ ಇರುತ್ತೆ, ಕೆಳಗೆ ಚರ್ಮ ಬಂದ್ಮೇಲೆ ಬಿಡಿಸೋದು. ಸಿಯಾರಾ ಫೆಡರಲ್ ಯೂನಿವರ್ಸಿಟಿಯವರು ಶುರು ಮಾಡಿದ್ದು. ಪದೇ ಪದೇ ಬಿಚ್ಚೋ ಗೋಳು ಇಲ್ಲ ಅನ್ನೋದೇ ಅದರ ದೊಡ್ಡ ಗುಣ.

ಹೊಂಗೆನೆರಳು
ಅಪ್‌ಡೇಟು. ಮಣಿಕಟ್ಟಿನ ಗೆರೆ ದಾಟಿಲ್ಲ, ನೋಡ್ದೆ. ಟಿಟಿನೂ ಹಾಕಿಸಿದ್ವಿ. ನೆನೆಸಿ ನೆನೆಸಿ ಹಳೇದು ಬಿಡಿಸಿ, ತೊಳೆದು, ಪ್ಯಾರಾಫಿನ್ ಬಲೆ ಎರಡು ಪದರ ಹಾಕಿ ಮೇಲೆ ಪ್ಯಾಡ್ ಕಟ್ಟಿದ್ವಿ. ಇವತ್ತು ಬಿಚ್ಚುವಾಗ ಅಮ್ಮ ಟಿವಿ ನೋಡ್ತಾ ಇದ್ರು, ಆಯ್ತಾ ಅಂತ ಅವರೇ ಕೇಳಿದ್ರು. ಬಲೆ ಮೂಲೆ ಹಿಡಿದು ಚರ್ಮಕ್ಕೆ ಸಮವಾಗಿ ಹಿಂದಕ್ಕೆ ಮಡಚ್ತಾ ಬಂದ್ರೆ ಹಾಗೇ ಎದ್ದು ಬಂತು, ಒಂದು ಚುಕ್ಕೆ ರಕ್ತ ಇಲ್ಲ. ಆದ್ರೆ ಮಧ್ಯದಲ್ಲಿ ತೆಳ್ಳಗೆ ಹಳದಿ ಪೊರೆ ಥರ ಇದೆ, ಇದು ಕೀವಾ? ಉಜ್ಜಿ ತೆಗೀಬೇಕಾ?

ವಾರ್ಡ್ ಅಕ್ಕ
ಅಮ್ಮ ಟಿವಿ ನೋಡ್ತಿದ್ರು ಅಂತ ಓದಿ ಬಹಳ ಖುಷಿ ಆಯ್ತು. ಉಜ್ಜಬೇಡಿ. ತೆಳು ಹಳದಿ ಪೊರೆ ಹೆಚ್ಚಾಗಿ ಗಾಯದ ನೀರಿಂದ ಕಟ್ಟೋ ಫೈಬ್ರಿನ್ ಅನ್ನೋ ಪ್ರೋಟೀನ್, ವಾಸನೆ ಇರಲ್ಲ, ಅಂಚಿಂದ ಚರ್ಮ ಬರ್ತಾ ತಾನೇ ಹೋಗುತ್ತೆ. ಕೀವಾದ್ರೆ ಮಂದವಾಗಿ ಹಸಿರು ಹಳದಿ, ಕೆಟ್ಟ ವಾಸನೆ, ನೋವು ಕಡಿಮೆ ಆಗ್ತಿದ್ದದ್ದು ತಿರುಗಿ ಜಾಸ್ತಿ, ಸುತ್ತ ಕೆಂಪು ದಿನದಿಂದ ದಿನಕ್ಕೆ ಹರಡ್ತಾ ಬಿಸಿ. ಪೆನ್ನಲ್ಲಿ ಕೆಂಪಿನ ಅಂಚಿಗೆ ಗೆರೆ ಎಳೆದಿಡಿ, ಗೆರೆ ದಾಟಿದ್ರೆ ಹೊರಡಿ. ತೊಳೆಯೋಕೆ ಕುಡಿಯೋಕೆ ಯೋಗ್ಯವಾದ ಶುದ್ಧ ನೀರು ಸಾಕು. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರಿಸೋದು ಬೇಡ, ಹೊಸ ಚರ್ಮಕ್ಕೆ ಅದು ಒಳ್ಳೇದಲ್ಲ.

ರಾತ್ರಿಪಾಳಿ
ವಾಸಿ ಆದ್ಮೇಲೆ ತುರಿಕೆಗೆ ರೆಡಿ ಆಗಿರಿ. ಅಣ್ಣ ರಾತ್ರಿಯೆಲ್ಲಾ ನಿದ್ದೆ ಮಾಡ್ತಿರ್ಲಿಲ್ಲ. ಕಲೆನೂ ಉಳೀತು, ಉಬ್ಬಿಕೊಂಡಿದೆ.

ಸೂಜಿದಾರ
ಸುಮಾರು ಎರಡು ವಾರದೊಳಗೆ ಮುಚ್ಚಿಕೊಳ್ಳೋ ಗಾಯಕ್ಕೆ ಉಬ್ಬಿದ ಕಲೆ ಕಡಿಮೆ. ಮೂರು ವಾರ ದಾಟಿದ್ರೆ ಅದರ ಸಾಧ್ಯತೆ ಏರುತ್ತೆ, ಅಷ್ಟರೊಳಗೆ ಮುಚ್ಚೋ ಲಕ್ಷಣ ಇಲ್ಲ ಅಂದ್ರೆ ಕಾಯದೇ ಬರ್ನ್ಸ್ ನೋಡೋರಿಗೆ ತೋರಿಸಿ, ಚರ್ಮ ಕಸಿ ಬೇಕಾಗಬಹುದು. ಡ್ರೆಸಿಂಗ್ ಬಿಚ್ಚುವಾಗ ಹೊಸ ಚರ್ಮ ಕಿತ್ತು ಬರಬಾರದು ಅಂತ ನಾವೆಲ್ಲಾ ಇಷ್ಟು ಒತ್ತಿ ಹೇಳೋದು ಇದಕ್ಕೇ, ಪ್ರತಿ ಸಲ ಕಿತ್ತಾಗಲೂ ಮುಚ್ಚೋ ದಿನ ಮುಂದಕ್ಕೆ ಹೋಗುತ್ತೆ. ಪೂರ್ತಿ ಮುಚ್ಚಿದ ಮೇಲೆ ವಾಸನೆ ಇಲ್ಲದ ಮಾಯಿಶ್ಚರೈಸರ್ ದಿನಕ್ಕೆ ಕೆಲವು ಸಲ ತಿಕ್ಕಿ, ಬಿಸಿಲಿಂದ ಮುಚ್ಕೊಳ್ಳಿ. ಉಬ್ಬೋ ಲಕ್ಷಣ ಕಂಡ್ರೆ ಸಿಲಿಕೋನ್ ಜೆಲ್ ಶೀಟ್ ಬಗ್ಗೆ ಕೇಳಿ, ಅದನ್ನ ತಿಂಗಳುಗಟ್ಟಲೆ ಹಾಕ್ಬೇಕು.

ಎರಡುಮಕ್ಕಳಮ್ಮ
ಅಮ್ಮ ಈ ಕೈಯಲ್ಲಿ ಕೆಲಸ ಮಾಡ್ಬಹುದಾ ಅಂತ ಯಾರೂ ಹೇಳ್ಲಿಲ್ಲ ನೋಡಿ. ಅಮ್ಮಂದಿರು ಸುಮ್ನೆ ಕೂರಲ್ಲ.

ವಾರ್ಡ್ ಅಕ್ಕ
ಬೆರಳು, ಮಣಿಕಟ್ಟು ಆಡಿಸ್ತಾನೇ ಇರ್ಲಿ, ಮಡಚಿಟ್ರೆ ಬಿಗಿಯುತ್ತೆ. ಕೂತಾಗ ಕೈ ದಿಂಬಿನ ಮೇಲೆ ಎತ್ತರಕ್ಕೆ ಇಡಿ, ಊತ ಇಳಿಯುತ್ತೆ. ಬ್ಯಾಂಡೇಜು ನೆನೆದ್ರೆ ಅವತ್ತೇ ಬದಲಾಯಿಸಿ, ದಿನ ಆಗಿಲ್ಲ ಅಂತ ಕಾಯ್ಬೇಡಿ. ಬೆರಳು ತಣ್ಣಗಾದ್ರೆ, ಜುಂ ಅಂದ್ರೆ ಕಟ್ಟು ಬಿಗಿ ಆಗಿದೆ ಅಂತ, ಕೂಡ್ಲೇ ಸಡಿಲ ಮಾಡಿ.

ಹೊಂಗೆನೆರಳು
ಸರಿ ಅಕ್ಕ. ಕಟ್ಟು ಈಗಲೇ ಒಂದ್ಸಲ ನೋಡ್ತೀನಿ, ಬೆಳಿಗ್ಗೆಯಿಂದ ಬಿಗಿ ಅಂತಿದ್ರು.